ಎಂಜಿನ್ ಡ್ರೈವರನ ಊರು

ನಾನು ಹುಡುಗನಾಗಿದ್ದಾಗ ನಮ್ಮ ಮನೆ ರೈಲ್ವೆ ವಸತಿಗೃಹಗಳ ಬೆನ್ನಿಗೇ ಇತ್ತು. ನಡುವೆ ಒಂದು ಮೋಟುಗೋಡೆ, ಅಷ್ಟೆ. ರಾತ್ರಿ ಎರಡಕ್ಕೋ ಮೂರಕ್ಕೋ ಆ ಗೋಡೆಯ ಆಚೆ ಯಾರೋ ಬಾಗಿಲು ಬಡಿಯುವ ಸದ್ದು ಕೇಳುತ್ತಿತ್ತು. ಬಂದವನಿಗೆ 'ಕಾಲ್‌ಬಾಯ್' ಎಂದು ಹೆಸರು. ಐವತ್ತು ದಾಟಿ ತಲೆ ನರೆತಿದ್ದರೂ ಆತ ಬಾಯ್‌ಯೇ. ಒಂದು ಕೈಯಲ್ಲಿ ಲಾಟೀನು, ಇನ್ನೊಂದು ಕೈಯಲ್ಲಿ ಒಂದು ಪುಸ್ತಕ. ಇಂಥ ಗಾಡಿಗೆ ಇಷ್ಟು ಹೊತ್ತಿಗೆ ಬರಬೇಕೆಂದು ಡ್ರೈವರನಿಗೆ ತಿಳಿಸಿ, ತಿಳಿಸಿದ್ದಕ್ಕೆ ಆ ಪುಸ್ತಕದಲ್ಲಿ ರುಜು ಹಾಕಿಸಿಕೊಂಡು ಹೋಗುವುದು ಅವನ ಕೆಲಸ. ಸ್ವಲ್ಪ ಹೊತ್ತಿಗೆ ಆ ಮನೆಯಲ್ಲಿ ದೀಪ ಹತ್ತುತ್ತಿತ್ತು, ಸ್ಟೌವಿನ ಸದ್ದಾಗುತ್ತಿತ್ತು. ಕಡೆಗೆ ತಗಡಿನ ಪೆಟ್ಟಿಗೆಯೊಂದನ್ನು ಹೊರಿಸಿಕೊಂಡು ನಮ್ಮ ನೆರೆಯ ಡ್ರೈವರರು ಕತ್ತಲೆಯಲ್ಲಿ ಷೆಡ್ಡಿನ ಕಡೆಗೆ ನಡೆದುಬಿಡುತ್ತಿದ್ದರು.

ಅವರ ಮನೆಮಾತು ತೆಲುಗು. ಮೂವತ್ತು ವರ್ಷ ನಮ್ಮ ಸೀಮೆಯಲ್ಲಿ ಕಳೆದಿದ್ದರೂ 'ನಮ್ಮೂರು' ಎಂದು ಅವರು ಹೇಳಿದರೆ ಅದು ಗುಂತಕಲ್ಲಿನ ಆಚೆಯ ಒಂದು ಹಳ್ಳಿ ಎಂದೇ ಅರ್ಥ. ಹಾಗಾದರೆ ಅಲ್ಲಿಗೇ ವರ್ಗ ಮಾಡಿಸಿಕೊಳ್ಳಬಾರದೆ ಎಂದು ನನ್ನ ತಂದೆ ಒಮ್ಮೆ ಕೇಳಿದ್ದುಂಟು. "ಹೋಗಬಹುದು ಸ್ವಾಮಿ, ಹೋದರೆ ಮತ್ತೆ ಮೊದಲಿನಿಂದ" ಎಂದು ಅವರು ನಕ್ಕುಬಿಟ್ಟರು. ಆ ಮಾತು ಆಗ ನನಗೆ ಅರ್ಥವಾಗಲಿಲ್ಲ. ನಾನೂ ನೌಕರಿಗೆ ಸೇರಿ, ಹಿರಿತನದ ಪಟ್ಟಿ ಎಂಬುದರ ಮಹಿಮೆಯನ್ನು ಕಂಡ ಮೇಲೆ ಅರ್ಥವಾಯಿತು. ಎಂಜಿನ್ ನಡೆಸುವವನನ್ನು ಈ ದೇಶ ಎಲ್ಲಿಂದ ಹುಡುಕಿ ತಂದಿತು, ತಂದ ಮೇಲೆ ಅವನನ್ನು ಯಾವ ಊರಿಗೆ ಕಟ್ಟಿಹಾಕಿತು ಎಂಬ ಕಥೆ ನೂರ ಎಪ್ಪತ್ತು ವರ್ಷಕ್ಕೂ ಹಿಂದಿನದು. ರೈಲ್ವೆಯ ಚರಿತ್ರೆ ಬರೆಯುವವರು ಸೇತುವೆ, ಸುರಂಗ, ಗೇಜುಗಳ ವಿಷಯ ಬರೆಯುತ್ತಾರೆ. ಎಂಜಿನಿನ ಮೇಲೆ ನಿಂತವನ ಊರು ಯಾವುದೆಂದು ಕೇಳುವವರು ಕಡಿಮೆ.

ಬೋರಿಬಂದರಿನಿಂದ ಠಾಣೆಗೆ ಮೊದಲ ಪ್ರಯಾಣಿಕರ ಗಾಡಿ ಓಡಿದ್ದು 1853ರ ಏಪ್ರಿಲ್ 16ರಂದು. ಹದಿನಾಲ್ಕು ಬಂಡಿ, ಸುಮಾರು ನಾನೂರು ಅತಿಥಿಗಳು, ಮೂರು ಎಂಜಿನುಗಳು. ಅವುಗಳ ಹೆಸರು ಸಾಹಿಬ್, ಸಿಂಧ್, ಸುಲ್ತಾನ್ ಎಂದು ಶಾಲೆಯ ಮಕ್ಕಳಿಗೂ ಗೊತ್ತು. ಹೆಸರು ನಮ್ಮ ಕಡೆಯದಾದರೂ ಎಂಜಿನುಗಳು ಹಡಗಿನಲ್ಲಿ ಬಂದವು. ನಡೆಸುವವರೂ ಹಡಗಿನಲ್ಲೇ ಬಂದರು. ಇಂಗ್ಲೆಂಡಿನ ಷೆಡ್ಡುಗಳಲ್ಲಿ ಪಳಗಿದ ಡ್ರೈವರುಗಳನ್ನು ಇಷ್ಟು ವರ್ಷವೆಂದು ಕರಾರು ಬರೆಸಿಕೊಂಡು ಕಂಪೆನಿಗಳು ಕರೆತರುತ್ತಿದ್ದವು. ಹೋಗಿಬರುವ ಹಡಗಿನ ಖರ್ಚು ಕಂಪೆನಿಯದು. ಸಂಬಳ ಅವರ ಊರಿನಲ್ಲಿ ಸಿಕ್ಕುತ್ತಿದ್ದುದಕ್ಕಿಂತ ಬಹಳ ಹೆಚ್ಚು. ಆದರೂ ಕಂಪೆನಿಗಳಿಗೆ ನೆಮ್ಮದಿಯಿರಲಿಲ್ಲ. ಬಿಸಿಲು, ಕಾಲರಾ, ಜ್ವರಗಳಿಗೆ ಕೆಲವರು ಸಿಕ್ಕರು. ಕುಡಿತದ ದೂರುಗಳೂ ಬಂದವು. ಕರಾರು ಮುಗಿದ ಮಾರನೆಯ ದಿನವೇ ಹಡಗು ಹತ್ತಿದವರೂ ಇದ್ದರು. ಡ್ರೈವರನೆಂದರೆ ದೂರದಿಂದ ಬಂದು ತನ್ನ ಊರನ್ನು ನೆನೆಯುತ್ತ ಕೂತ ಮನುಷ್ಯ ಎಂಬುದು ಹೀಗೆ ಮೊದಲ ದಿನದಿಂದಲೇ ನಿಂತುಹೋಯಿತು.

ಇಷ್ಟು ದುಬಾರಿಯ ಜನವನ್ನು ಎಷ್ಟು ಕಾಲ ತರಿಸುವುದು? ಇಲ್ಲಿಯೇ ಹುಟ್ಟಿದ ಆಂಗ್ಲೋ-ಇಂಡಿಯನ್ನರ ಕಡೆಗೆ ಕಂಪೆನಿಗಳ ಕಣ್ಣು ತಿರುಗಿತು. 1857ರ ದಂಗೆಯಾದ ಮೇಲೆ ಎಂಜಿನಿನಂಥ ಆಯಕಟ್ಟಿನ ಜಾಗದಲ್ಲಿ ನಂಬಿಕೆಯ ಕೈ ಇರಬೇಕೆಂಬ ರಾಜಕೀಯವೂ ಇದರ ಜೊತೆ ಸೇರಿತು. ಈ ಡ್ರೈವರುಗಳು ರೈಲ್ವೆಯ ಸ್ವಯಂಸೇವಕ ಪಡೆಗೂ ಸೇರಬೇಕಾಗಿತ್ತು. ಹೊತ್ತು ಬಂದರೆ ಸಲಿಕೆ ಬಿಟ್ಟು ಬಂದೂಕು ಹಿಡಿಯಬೇಕೆಂದು. ಹುಬ್ಬಳ್ಳಿ, ಗುಂತಕಲ್, ಅರಕೋಣಂ, ಜೋಲಾರಪೇಟೆಯಂಥ ಊರುಗಳ ರೈಲ್ವೆ ಕಾಲೊನಿಗಳಲ್ಲಿ ಚರ್ಚು, ಇನ್‌ಸ್ಟಿಟ್ಯೂಟು, ಇಂಗ್ಲಿಷ್ ಶಾಲೆಗಳು ಬೆಳೆದದ್ದು ಈ ಜನರ ಸಲುವಾಗಿ. ಭಾರತೀಯರೂ ಎಂಜಿನ್ ಹತ್ತದೆ ಇರಲಿಲ್ಲ. ಆದರೆ ಮೊದಲು ಕಲ್ಲಿದ್ದಲು ಎತ್ತುವ 'ಆಗ್‌ವಾಲಾ' ಆಗಿ, ಆಮೇಲೆ ಅಂಗಳದಲ್ಲಿ ಬಂಡಿ ಜೋಡಿಸುವ ಷಂಟರನಾಗಿ, ಮುಂದೆ ಗೂಡ್ಸ್ ಗಾಡಿಯ ಡ್ರೈವರನಾಗಿ. ಅವರಿಗೆ ಈ ಅವಕಾಶ ಸಿಕ್ಕಿದ್ದಾದರೂ ಔದಾರ್ಯದಿಂದಲ್ಲ, ಲೆಕ್ಕಾಚಾರದಿಂದ. ಒಬ್ಬ ಯೂರೋಪಿಯನ್ ಡ್ರೈವರನ ಸಂಬಳದಲ್ಲಿ ಹಲವರನ್ನು ಇಟ್ಟುಕೊಳ್ಳಬಹುದಾಗಿತ್ತು. ಮೈಲ್ ಗಾಡಿ ಮಾತ್ರ ಬಹಳ ಕಾಲ ಅವರ ಕೈಗೆ ಬರಲಿಲ್ಲ.

ಇದರ ಕೊನೆಯ ಕುರುಹು ನಮ್ಮ ಸಂವಿಧಾನದಲ್ಲಿಯೇ ಇದೆ. ರೈಲ್ವೆ, ಕಸ್ಟಂಸ್, ಅಂಚೆ ಮತ್ತು ತಂತಿ ಇಲಾಖೆಗಳಲ್ಲಿ ಆಂಗ್ಲೋ-ಇಂಡಿಯನ್ನರಿಗೆ ಮೊದಲಿದ್ದ ಮೀಸಲಾತಿ ಒಮ್ಮೆಲೇ ನಿಲ್ಲಬಾರದೆಂದು 336ನೆಯ ವಿಧಿ ಏರ್ಪಡಿಸಿತು. ಎರಡು ವರ್ಷಗಳಿಗೊಮ್ಮೆ ಶೇಕಡಾ 10ರಂತೆ ಕಡಿಮೆಯಾಗುತ್ತ ಬಂದು ಹತ್ತು ವರ್ಷಗಳ ಕೊನೆಗೆ, 1960ರಲ್ಲಿ, ಅದು ಇಲ್ಲವಾಯಿತು. ಅಷ್ಟರಲ್ಲಿ ಆ ಡ್ರೈವರುಗಳಲ್ಲಿ ಅನೇಕರು ಬ್ರಿಟನ್ನಿಗೋ ಆಸ್ಟ್ರೇಲಿಯಕ್ಕೋ ಹೊರಟುಹೋಗಿದ್ದರು. ತಾವೆಂದೂ ಕಾಣದ ದೇಶವನ್ನು ಅವರು 'ಹೋಮ್' ಎಂದು ಕರೆಯುತ್ತಿದ್ದರು.

ಈಗ ಷೆಡ್ಡಿನ ಒಳಕ್ಕೆ ಬರೋಣ. ಉಗಿ ಎಂಜಿನಿನ ಕಾಲದಲ್ಲಿ ಡ್ರೈವರನಾಗಲು ಪರೀಕ್ಷೆ ಬರೆಯುವುದೆಂದಿರಲಿಲ್ಲ; ಬೆಳೆಯುವುದೆಂದಿತ್ತು. ಹದಿನೆಂಟರ ಹುಡುಗನೊಬ್ಬ ಕ್ಲೀನರನಾಗಿ ಸೇರುತ್ತಾನೆ. ಎಣ್ಣೆ ನೆನೆಸಿದ ಹತ್ತಿಯ ಉಂಡೆಯಿಂದ ಎಂಜಿನಿನ ಚಕ್ರ, ಸರಳು, ಹೊಟ್ಟೆಗಳನ್ನು ಒರೆಸುವುದು, ಬೂದಿ ಬಗೆಯುವುದು, ಬೆಂಕಿ ಹೊತ್ತಿಸುವುದು. ಯಾವ ತಿರುಪು ಎಲ್ಲಿದೆ, ಯಾವ ಕೊಳವೆ ಸೋರುತ್ತದೆ ಎಂಬುದು ಅವನ ಬೆರಳಿಗೆ ತಿಳಿಯುವ ಹೊತ್ತಿಗೆ ಕೆಲವು ವರ್ಷ ಕಳೆದಿರುತ್ತವೆ. ಆಮೇಲೆ ಫೈರ್‌ಮನ್, ಅದರಲ್ಲೂ ಸಿ, ಬಿ, ಎ ಎಂದು ಮೂರು ಮೆಟ್ಟಿಲು. ಒಂದು ಸರದಿಯಲ್ಲಿ ಟನ್ನುಗಟ್ಟಲೆ ಕಲ್ಲಿದ್ದಲನ್ನು ಸಲಿಕೆಯಿಂದ ಒಲೆಗೆ ಎಸೆಯಬೇಕು. ಎಸೆದರೆ ಸಾಲದು; ಬೆಂಕಿ ಎಲ್ಲಿ ತೆಳುವಾಗಿದೆಯೋ ಅಲ್ಲಿಗೇ ಬೀಳಬೇಕು. ಮುಂದೆ ಏರು ಇದೆಯೆಂದರೆ ಉಗಿಯನ್ನು ಮೊದಲೇ ಕೂಡಿಟ್ಟುಕೊಳ್ಳಬೇಕು. ಫೈರ್‌ಮನ್ ಆದ ಮೇಲೆ ಷಂಟರ್, ಆಮೇಲೆ ಗೂಡ್ಸ್, ಪ್ಯಾಸೆಂಜರ್, ಕಟ್ಟಕಡೆಗೆ ಮೈಲ್. ಹದಿನೈದು ಇಪ್ಪತ್ತು ವರ್ಷ ಸವೆಯದೆ ಮೈಲ್ ಗಾಡಿಯ ರೆಗ್ಯುಲೇಟರಿನ ಹಿಡಿ ಕೈಗೆ ಬರುತ್ತಿರಲಿಲ್ಲ.

ಈ ಏಣಿಗೆ ಒಂದು ಗುಣವಿತ್ತು. ಕ್ಲೀನರನನ್ನು ಆರಿಸುತ್ತಿದ್ದದ್ದು ಆ ಷೆಡ್ಡಿನಲ್ಲಿಯೇ. ಆದ್ದರಿಂದ ಸೇರುತ್ತಿದ್ದವರು ಬಹುಮಟ್ಟಿಗೆ ಆ ಊರಿನವರು, ಅದರಲ್ಲೂ ಷೆಡ್ಡಿನಲ್ಲಿ ದುಡಿದವರ ಮಕ್ಕಳು, ತಮ್ಮಂದಿರು, ಅಳಿಯಂದಿರು. ದೋಷವೂ ಅದರಲ್ಲಿಯೇ ಇತ್ತು. ಹೆಸರು ಸೇರಿಸುವವನು ಕೆಳಮಟ್ಟದ ಮೇಲ್ವಿಚಾರಕನಾದ್ದರಿಂದ ಅವನ ಕೈ ಬಿಸಿಮಾಡದೆ ಬಾಗಿಲು ತೆರೆಯುತ್ತಿರಲಿಲ್ಲ ಎಂಬ ದೂರು 1929ರಿಂದ 1931ರವರೆಗೆ ವಿಚಾರಣೆ ನಡೆಸಿದ ವಿಟ್ಲೆ ಆಯೋಗದ ಕಾಲಕ್ಕೇ ಹಳೆಯದಾಗಿತ್ತು. ಗುರುತಿಲ್ಲದ ಬಡವನ ಮಗನಿಗೆ ಅಲ್ಲಿ ಜಾಗವಿಲ್ಲ. ಇಷ್ಟಾದರೂ ಒಳಕ್ಕೆ ಹೋದವನು ತನ್ನ ಊರಿನಲ್ಲಿಯೇ ಉಳಿಯುತ್ತಿದ್ದ. ಕಡೆಯಪಕ್ಷ ಕ್ಲೀನರನಾಗಿದ್ದಷ್ಟು ದಿನ.

ಹಾಗಾದರೆ ನಮ್ಮ ನೆರೆಯ ಡ್ರೈವರರು ಗುಂತಕಲ್ಲಿನಿಂದ ಇತ್ತ ಬಂದದ್ದು ಹೇಗೆ? ಬಡ್ತಿಯಿಂದ. ಮೆಟ್ಟಿಲು ಏರಬೇಕಾದವನಿಗೆ ಅವನ ಷೆಡ್ಡಿನಲ್ಲಿಯೇ ಮೇಲಿನ ಜಾಗ ಖಾಲಿ ಇರಬೇಕೆಂದೇನೂ ಇಲ್ಲ. ಎಲ್ಲಿ ಖಾಲಿಯೋ ಅಲ್ಲಿಗೆ ಹೋಗಬೇಕು. ಒಲ್ಲೆನೆಂದರೆ ಕಿರಿಯನು ಮುಂದಾಗುತ್ತಾನೆ. ಹೋಗಿ ಮುಟ್ಟಿದರೂ ಕೂಡಲೇ ಗಾಡಿ ಕೊಡುವುದಿಲ್ಲ. ಹೊಸ ಮಾರ್ಗವನ್ನು ಕಲಿಯಬೇಕು; ಅಲ್ಲಿನ ಡ್ರೈವರನ ಪಕ್ಕದಲ್ಲಿ ನಿಂತು ಸಾಮಾನ್ಯವಾಗಿ ಮೂರು ಸಲ, ಅದರಲ್ಲಿ ಒಂದು ಸಲ ರಾತ್ರಿ, ಹೋಗಿಬಂದು, 'ಈ ದಾರಿ ನನಗೆ ತಿಳಿದಿದೆ' ಎಂದು ರುಜು ಹಾಕಬೇಕು. ಯಾವ ತಿರುವಿನ ಹಿಂದೆ ಸಿಗ್ನಲ್ ಅಡಗಿದೆ, ಯಾವ ಇಳಿಜಾರಿನಲ್ಲಿ ಗಾಡಿ ಬೆನ್ನಿಗೆ ಒತ್ತುತ್ತದೆ, ಯಾವ ಗೇಟಿನ ಬಳಿ ದನಗಳು ಅಡ್ಡ ಬರುತ್ತವೆ, ಇವೆಲ್ಲ ನೆನಪಿನಲ್ಲಿರಬೇಕು. ಕ್ಯಾಸಲ್‌ರಾಕಿನಿಂದ ಕುಳೆಗೆ ಇಳಿಯುವ ಘಟ್ಟವನ್ನು ಬಲ್ಲವನಿಗೆ ಬಯಲುಸೀಮೆಯ ಹಾದಿ ಸುಲಭವೆಂದು ತೋರಬಹುದು. ಆದರೂ ಅದನ್ನು ಅವನು ಹೊಸದಾಗಿಯೇ ಕಲಿಯಬೇಕು. ನಮ್ಮಂಥ ಅಧ್ಯಾಪಕರು ಊರು ಬದಲಿಸಿದರೆ ಹಳೆಯ ಟಿಪ್ಪಣಿಯನ್ನೇ ಹೊಸ ಊರಿನಲ್ಲಿ ಓದಿಬಿಡುತ್ತೇವೆ. ಡ್ರೈವರನಿಗೆ ಆ ಸೌಕರ್ಯವಿಲ್ಲ.

ಕೆಲವು ಸಲ ಮನುಷ್ಯ ಅಲ್ಲಿಯೇ ಇದ್ದು ಷೆಡ್ಡೇ ಜಾಗ ಬದಲಿಸಿದ್ದೂ ಉಂಟು. 1951ರ ಏಪ್ರಿಲ್ 14ರಂದು ಮೈಸೂರು ಸಂಸ್ಥಾನದ ರೈಲ್ವೆ, ಮದ್ರಾಸ್ ಮತ್ತು ಸದರ್ನ್ ಮರಾಠಾ ರೈಲ್ವೆ, ಸೌತ್ ಇಂಡಿಯನ್ ರೈಲ್ವೆ ಮೂರೂ ಸೇರಿ ದಕ್ಷಿಣ ರೈಲ್ವೆಯಾಯಿತು. ಅರಮನೆಯ ಮುದ್ರೆಯ ಕೆಳಗೆ ದುಡಿಯುತ್ತಿದ್ದ ಫೈರ್‌ಮನ್ ಬೆಳಗಾಗುವಷ್ಟರಲ್ಲಿ ಮದರಾಸಿನ ಕಚೇರಿಗೆ ಸೇರಿದವನಾದ. ಹುಬ್ಬಳ್ಳಿ 1966ರಲ್ಲಿ ಸಿಕಂದರಾಬಾದಿನ ದಕ್ಷಿಣ ಮಧ್ಯ ರೈಲ್ವೆಗೆ ಹೋಯಿತು. 2003ರಲ್ಲಿ ನೈಋತ್ಯ ರೈಲ್ವೆಯಾಗಿ ತಾನೇ ಕೇಂದ್ರವಾಯಿತು. ನಕ್ಷೆಯ ಮೇಲೆ ಗೆರೆ ಎಳೆದಾಗಲೆಲ್ಲ ವರ್ಗಾವಣೆಯ ಲೆಕ್ಕ ಬದಲಾಯಿತು. ನಿನ್ನೆಯವರೆಗೆ ಒಂದೇ ರೈಲ್ವೆಯ ಒಳಗಿನ ಮಾತಾಗಿದ್ದುದು ಇಂದು ಎರಡು ರೈಲ್ವೆಗಳ ನಡುವಣ ಪತ್ರವ್ಯವಹಾರವಾಗಿ, ಕಡತ ಎರಡು ಪಟ್ಟು ದಪ್ಪವಾಯಿತು.

ವರ್ಗಾವಣೆ ಎಂಬ ಮಾತಿಗೆ ಇನ್ನೊಂದು, ಕಹಿಯಾದ ಅರ್ಥವೂ ಇದೆ. ಎಂಜಿನಿನ ಮೇಲೆ ಹದಿನಾಲ್ಕು ಹದಿನಾರು ಗಂಟೆ ನಿಲ್ಲುವುದು ಆ ಕಾಲದಲ್ಲಿ ಅಪೂರ್ವವೇನಲ್ಲ. ದಿನಕ್ಕೆ ಹತ್ತು ಗಂಟೆಗಿಂತ ಹೆಚ್ಚು ದುಡಿಯುವುದಿಲ್ಲವೆಂದು ಚಾಲಕ ಸಿಬ್ಬಂದಿ 1973ರಲ್ಲಿ ಮುಷ್ಕರ ಹೂಡಿ ಸರ್ಕಾರದಿಂದ ಮಾತು ತೆಗೆದುಕೊಂಡರು. ಅದು ಆಚರಣೆಗೆ ಬಂದ ಬಗೆ ಬೇರೆ ಮಾತು. ಮರುವರ್ಷದ ಮೇ 8ರಿಂದ 27ರವರೆಗೆ ನಡೆದ ಮಹಾಮುಷ್ಕರದ ಮುಂದಾಳು ನಮ್ಮ ಮಂಗಳೂರಿನ ಜಾರ್ಜ್ ಫರ್ನಾಂಡಿಸ್. ಆಗ ಸಹಸ್ರಾರು ಜನ ಕೆಲಸ ಕಳೆದುಕೊಂಡರು. ವಸತಿಗೃಹಗಳಿಂದ ಸಂಸಾರಗಳನ್ನು ಹೊರಹಾಕಿದ ಪ್ರಸಂಗಗಳೂ ನಡೆದವು. 1977ರಲ್ಲಿ ಸರ್ಕಾರ ಬದಲಾದ ಮೇಲೆ ಅವರನ್ನು ಮತ್ತೆ ತೆಗೆದುಕೊಂಡರು. ನಮ್ಮ ನೆರೆಯ ಡ್ರೈವರರು ಆ ಇಪ್ಪತ್ತು ದಿನಗಳ ಮಾತೆತ್ತಿದರೆ ಎದ್ದು ಒಳಕ್ಕೆ ಹೋಗಿಬಿಡುತ್ತಿದ್ದರು. ಅವರು ಯಾವ ಕಡೆ ಇದ್ದರೆಂಬುದನ್ನು ನಾವು ಕೇಳಲಿಲ್ಲ.

ಇಷ್ಟರಲ್ಲಿ ಉಗಿಯ ಯುಗವೇ ಮುಗಿಯುತ್ತಿತ್ತು. ಚಿತ್ತರಂಜನದ ಕಾರ್ಖಾನೆ ದೊಡ್ಡ ಗೇಜಿನ ಕಡೆಯ ಉಗಿ ಎಂಜಿನನ್ನು 1970ರಲ್ಲಿ ಹೊರತಂದು ಅದಕ್ಕೆ 'ಅಂತಿಮ ಸಿತಾರಾ' ಎಂದು ಹೆಸರಿಟ್ಟಿತು. 1995ರಲ್ಲಿ ದೊಡ್ಡ ಗೇಜಿನ ಮೇಲೆ ಉಗಿಯ ಸಂಚಾರವೂ ನಿಂತಿತು. ಎಂಜಿನಿನಿಂದ ಸಲಿಕೆ ಮಾಯವಾದ ಮೇಲೆ ಕ್ಲೀನರನೂ ಫೈರ್‌ಮನ್ನನೂ ಏತಕ್ಕೆ? ಓದುಬರಹ ಬಲ್ಲ ಫೈರ್‌ಮನ್ನರು ಡೀಸೆಲ್ ಕಲಿತು ಸಹಾಯಕರಾದರು. ಉಳಿದವರನ್ನು ಬೇರೆ ಬೇರೆ ಕೆಲಸಗಳಿಗೆ ಹಂಚಿದರು. ಏಣಿಯ ಕೆಳಗಿನ ನಾಲ್ಕಾರು ಮೆಟ್ಟಿಲು ಹೀಗೆ ಹೋಗಿ, ನೆಲದಿಂದ ನೇರವಾಗಿ ಎಂಜಿನಿಗೆ ಹತ್ತುವ ಒಂದೇ ಮೆಟ್ಟಿಲು ಉಳಿಯಿತು. ಅದರ ಹೆಸರು ಮೊದಲು ಸಹಾಯಕ ಡ್ರೈವರ್, ಈಗ ಸಹಾಯಕ ಲೋಕೋ ಪೈಲಟ್. (ಪೈಲಟ್ ಎಂದ ಮಾತ್ರಕ್ಕೆ ಗಾಡಿ ಹಾರುವುದಿಲ್ಲ, ಗೌರವ ಹೆಚ್ಚುವುದಾದರೆ ಹೆಚ್ಚಲಿ.)

ಈ ಮೆಟ್ಟಿಲಿನ ಬಾಗಿಲು ಇಡೀ ದೇಶಕ್ಕೆ ತೆರೆದಿದೆ. ಹಿಂದೆ ರೈಲ್ವೆ ಸೇವಾ ಆಯೋಗಗಳೆನ್ನಿಸಿಕೊಂಡು 1985ರಲ್ಲಿ ಹೆಸರು ಬದಲಿಸಿಕೊಂಡ ನೇಮಕಾತಿ ಮಂಡಲಿಗಳು ಪರೀಕ್ಷೆ ನಡೆಸುತ್ತವೆ. ಹತ್ತನೆಯ ತರಗತಿಯ ಮೇಲೆ ಐ.ಟಿ.ಐ. ಇರಬೇಕು, ಅಥವಾ ಎಂಜಿನಿಯರಿಂಗ್ ಡಿಪ್ಲೊಮಾ, ಪದವಿ. ಗಣಕಯಂತ್ರದ ಮುಂದೆ ಎರಡು ಪರೀಕ್ಷೆ. ಆಮೇಲೆ ಮನಸ್ಸಿನ ಚುರುಕನ್ನೂ ಏಕಾಗ್ರತೆಯನ್ನೂ ಅಳೆಯುವ ಇನ್ನೊಂದು. ಇವೆಲ್ಲವನ್ನೂ ದಾಟಿದವನು ಕಡೆಗೆ ಕಣ್ಣಿನ ವೈದ್ಯರ ಮುಂದೆ ನಿಲ್ಲುತ್ತಾನೆ. ಕನ್ನಡಕವಿಲ್ಲದೆ ಎರಡು ಕಣ್ಣೂ ಪೂರ್ಣ ದೃಷ್ಟಿಯವಾಗಿರಬೇಕು. ಕೆಂಪು ಹಸುರುಗಳ ಭೇದ ತಪ್ಪಬಾರದು. ನಾಲ್ಕು ವರ್ಷ ಓದಿ ಮೇಲೆ ಬಂದವನು ಬಣ್ಣದ ಚುಕ್ಕೆಗಳ ಪುಸ್ತಕವೊಂದರ ಮುಂದೆ ಬಿದ್ದುಹೋಗುವುದನ್ನು ನೆನೆದರೆ ಮನಸ್ಸು ಮರುಗುತ್ತದೆ. ಆದರೆ ಸಾವಿರ ಜನರನ್ನು ಹಿಂದೆ ಕಟ್ಟಿಕೊಂಡು ಓಡುವವನ ಕಣ್ಣಿನ ವಿಷಯದಲ್ಲಿ ದಾಕ್ಷಿಣ್ಯಕ್ಕೆ ಎಡೆಯಿಲ್ಲ.

2024ರ ಆರಂಭದಲ್ಲಿ 5,696 ಜಾಗಗಳಿಗೆಂದು ಹೊರಟ ಪ್ರಕಟಣೆ ಅದೇ ವರ್ಷ 18,799ಕ್ಕೆ ಏರಿತು. 2025ರಲ್ಲಿ ಮತ್ತೆ 9,970 ಜಾಗಗಳಿಗೆ ಕರೆ ಬಂತು. ಅಭ್ಯರ್ಥಿ ಯಾವುದಾದರೂ ಒಂದು ಮಂಡಲಿಯನ್ನು ಆರಿಸಿಕೊಳ್ಳಬೇಕು. ಬುದ್ಧಿವಂತನಾದವನು ತನ್ನ ಊರನ್ನಲ್ಲ, ಜಾಗ ಹೆಚ್ಚಿರುವ ಮಂಡಲಿಯನ್ನು ನೋಡಿ ಅರ್ಜಿ ಹಾಕುತ್ತಾನೆ. ಬಿಹಾರದ ಹುಡುಗ ಬೆಂಗಳೂರನ್ನೋ ಸಿಕಂದರಾಬಾದನ್ನೋ ಆರಿಸುವುದು ಹೀಗೆ. ಇದರ ಮೇಲೆ ನಮ್ಮಲ್ಲಿ ಕೋಪ ತಾಪಗಳು ಎದ್ದಿವೆ. ನಮ್ಮ ಹುಡುಗರಿಗೆ ಅವಕಾಶ ತಪ್ಪುತ್ತದೆಂಬ ದೂರಿನಲ್ಲಿ ಹುರುಳೂ ಇದೆ. ಪರೀಕ್ಷೆಯನ್ನು ಈಗ ಕನ್ನಡದಲ್ಲಿಯೇ ಬರೆಯಬಹುದು. ಬರೆಯುವಂತೆ ನಮ್ಮ ಹುಡುಗರನ್ನು ಹುರಿದುಂಬಿಸುವವರು ಸಾಲದು ಎಂದು ಮಾತ್ರ ನಾನು ಹೇಳಬಲ್ಲೆ. ಮೇಲ್ವಿಚಾರಕನ ಕೈಬಿಸಿ ಹೋಗಿ ಪರೀಕ್ಷೆ ಬಂದದ್ದು ದೊಡ್ಡ ನ್ಯಾಯವೆಂಬುದರಲ್ಲಿ ಸಂಶಯವಿಲ್ಲ. ಬಾಗಿಲು ಕಿರಿದಾಗಿದ್ದಾಗ ಒಳಹೊಕ್ಕವನಿಗೆ ಮನೆ ಹತ್ತಿರವಿತ್ತು. ಬಾಗಿಲು ಹಿರಿದಾದಾಗ ಮನೆ ದೂರವಾಯಿತು.

ನಮ್ಮ ಮನೆಯ ಮಾಳಿಗೆಯ ಮೇಲೆ ಈಗ ಬಾಡಿಗೆಗಿರುವ ತರುಣ ಇಂಥವನೊಬ್ಬ. ಗಂಗೆಯ ಆಚೆಯ ಜಿಲ್ಲೆಯವನು. ಇಲ್ಲಿ ಸಹಾಯಕ ಲೋಕೋ ಪೈಲಟ್. ಆರು ವರ್ಷವಾಯಿತು. ಕನ್ನಡ ಕಲಿತಿದ್ದಾನೆ, ಗೇಟಿನವರೊಡನೆ, ಸ್ಟೇಷನ್ ಮಾಸ್ತರರೊಡನೆ ಆಡುವಷ್ಟು ಧಾರಾಳವಾಗಿ ಬರುತ್ತದೆ. ಊರಿನಲ್ಲಿ ತಂದೆಗೆ ಪಾರ್ಶ್ವವಾಯು, ನೋಡಿಕೊಳ್ಳುವವರಿಲ್ಲ. ವರ್ಗ ಬೇಡಿ ಅರ್ಜಿ ಹಾಕಿದ್ದಾನೆ. ನಮ್ಮ ಹಳೆಯ ನೆರೆಯವರು "ಮತ್ತೆ ಮೊದಲಿನಿಂದ" ಎಂದು ನಕ್ಕ ನಿಯಮವನ್ನು ನನಗೆ ಕಡೆಗೂ ಬಿಡಿಸಿ ಹೇಳಿದವನು ಇವನು.

ನಿಯಮವೇನೋ ಸರಳವಾಗಿದೆ. ಹಿರಿತನದ ಪಟ್ಟಿ ಒಂದೊಂದು ವಿಭಾಗಕ್ಕೆ ಪ್ರತ್ಯೇಕ. ಸರ್ಕಾರ ತನ್ನ ಅನುಕೂಲಕ್ಕೆ ಕಳಿಸಿದರೆ ಹಿರಿತನ ಜೊತೆಯಲ್ಲಿ ಬರುತ್ತದೆ. ತಾನಾಗಿ ಬೇಡಿ ಹೋದವನಾದರೆ, ಹೋದ ಕಡೆ ಆ ದರ್ಜೆಯಲ್ಲಿರುವ ಎಲ್ಲರ ಕೆಳಗೆ, ನಿನ್ನೆ ಸೇರಿದವನ ಕೆಳಗೂ, ಅವನ ಹೆಸರು ಬರೆಯುತ್ತಾರೆ. ಅದೂ ನೇಮಕವಾಗುವ ಮೊದಲ ದರ್ಜೆಯಲ್ಲಿ ಮಾತ್ರ. ಮೇಲಿನ ದರ್ಜೆಗೆ ಏರಿದವನು ಊರಿಗೆ ಹೋಗಬೇಕಾದರೆ ಇಳಿದು ಮತ್ತೆ ಸಹಾಯಕನೇ ಆಗಬೇಕು. ಅಲ್ಲಿರುವವರಿಗೆ ಅನ್ಯಾಯವಾಗಬಾರದೆಂಬುದು ಇದರ ತರ್ಕ. ತರ್ಕದಲ್ಲಿ ತಪ್ಪು ಕಾಣುವುದಿಲ್ಲ. ತನಗಾಗಿ ಕಾದಿರುವ ಬಡ್ತಿಗೆ ಹೊರಗಿನವನೊಬ್ಬ ಬಂದು ಅಡ್ಡ ನಿಂತರೆ ಯಾರು ತಾನೆ ಸಹಿಸುತ್ತಾರೆ?

ಇನ್ನೊಂದು ಹಾದಿ ಪರಸ್ಪರ ಬದಲಾವಣೆ. ಇಲ್ಲಿಂದ ಅಲ್ಲಿಗೆ ಹೋಗುವವನಿಗೆ ಅಲ್ಲಿಂದ ಇಲ್ಲಿಗೆ ಬರಲಿಚ್ಛಿಸುವವನೊಬ್ಬ ಸಿಕ್ಕಿದರೆ ಇಬ್ಬರೂ ಜಾಗ ಬದಲಿಸಿಕೊಳ್ಳಬಹುದು. ಇಬ್ಬರ ಹಿರಿತನದಲ್ಲಿ ಕಡಿಮೆಯದೇ ಗಣನೆಗೆ ಬರುತ್ತದೆ. ಕೇಳುವುದಕ್ಕೆ ಸೊಗಸಾಗಿದೆ. ಆದರೆ ನಮ್ಮ ತರುಣನಿಗೆ ಬೇಕಾದವನು ಬಿಹಾರದಲ್ಲಿ ಎಂಜಿನ್ ನಡೆಸುತ್ತ ಕರ್ನಾಟಕಕ್ಕೆ ಬರಲು ಹಂಬಲಿಸುತ್ತಿರುವ ಒಬ್ಬ ಕನ್ನಡಿಗ. ಅಂಥವನನ್ನು ಎಲ್ಲಿಂದ ತರೋಣ? ಅಲ್ಲಿಂದ ಇಲ್ಲಿಗೆ ಬಂದವರು ಸಾಲುಗಟ್ಟಿದ್ದಾರೆ. ಇಲ್ಲಿಂದ ಅಲ್ಲಿಗೆ ಹೋದವರು ದೀಪ ಹಿಡಿದು ಹುಡುಕಿದರೂ ಸಿಗುವುದು ಕಷ್ಟ. ಮೂರು ವರ್ಷದಿಂದ ಆತ ಫೋನಿನಲ್ಲಿ ಹುಡುಕುತ್ತಿದ್ದಾನೆ.

ಹೆಂಗಸರ ಪಾಡು ಇನ್ನೂ ಒಂದು ಕೈ ಮೇಲು. 1986ರಲ್ಲಿ ಕೆಲಸಕ್ಕೆ ಸೇರಿದ ಸತಾರೆಯ ಕಡೆಯ ಸುರೇಖಾ ಯಾದವರು ದೇಶದ ಮೊದಲ ರೈಲು ಚಾಲಕಿಯಾಗಿ 2025ರಲ್ಲಿ ನಿವೃತ್ತರಾದರು. ಅವರ ಹಿಂದೆ ಬಂದವರ ಸಂಖ್ಯೆ ಈಗ ಗಣನೀಯ. ಎಂಜಿನಿನಲ್ಲಿ ಶೌಚದ ಏರ್ಪಾಡಿಲ್ಲದ ಕಷ್ಟ ಒಂದು ಕಡೆ. ಗಂಡ ಒಂದು ರಾಜ್ಯದಲ್ಲಿ, ಮಗು ಇನ್ನೊಂದರಲ್ಲಿ, ತಾನು ಮೂರನೆಯದರಲ್ಲಿ ಎಂಬ ಕಷ್ಟ ಇನ್ನೊಂದು ಕಡೆ. ದಂಪತಿಗಳನ್ನು ಒಂದೆಡೆ ಇಡುವ ಸೂಚನೆಗಳು ಇವೆ. ಅರ್ಜಿ ಒಪ್ಪಿಗೆಯಾದ ಮೇಲೂ ಬದಲಿ ಆಳು ಬರುವ ತನಕ ಬಿಡಲಾಗದೆಂದು ಮೇಲಧಿಕಾರಿ ಹೇಳಿದರೆ ಅವನದೂ ತಪ್ಪೆನ್ನಲಾಗದು. ಗಾಡಿ ನಿಲ್ಲಿಸುವಂತಿಲ್ಲವಷ್ಟೆ.

ಕಳೆದ ವಾರ ನಮ್ಮ ತರುಣ ಕೈಯಲ್ಲಿ ಒಂದು ಕಾಗದ ಹಿಡಿದು ಕೆಳಗೆ ಬಂದ. ಗೂಡ್ಸ್ ಗಾಡಿಯ ಲೋಕೋ ಪೈಲಟ್ ಆಗುವ ಸರದಿ ಅವನಿಗೆ ಬಂದಿದೆ, ಒಪ್ಪಿಗೆ ಬರೆದುಕೊಡಬೇಕು. ಒಪ್ಪಿದರೆ ಸಂಬಳ ಏರುತ್ತದೆ, ಬಲಗಡೆಯ ಕುರ್ಚಿ ಬಿಟ್ಟು ಚಾಲಕನ ಕುರ್ಚಿಗೆ ಬರುತ್ತಾನೆ. ಊರು ಇನ್ನೊಂದು ಮೆಟ್ಟಿಲು ದೂರವಾಗುತ್ತದೆ. ಒಲ್ಲೆನೆಂದು ಬರೆದರೆ ಒಂದು ವರ್ಷ ಬಡ್ತಿಯ ಹೆಸರೆತ್ತುವಂತಿಲ್ಲ. ಆ ವರ್ಷದೊಳಗೆ ವರ್ಗವಾಗುತ್ತದೆಂಬ ಭರವಸೆಯನ್ನು ಕೊಡುವವರೂ ಯಾರಿಲ್ಲ. "ನೀವೇನು ಹೇಳುತ್ತೀರಿ, ಸರ್?" ಎಂದು ಕೇಳಿದ. ತಂದೆಯ ಕಾಯಿಲೆಯ ವಿಷಯ ಕೇಳಿದೆ. ಮಾತು ಸ್ವಲ್ಪ ಬರುತ್ತಿದೆಯಂತೆ, ಎಡಗೈ ಇನ್ನೂ ಏಳುವುದಿಲ್ಲವಂತೆ. ಅಷ್ಟರಲ್ಲಿ ಅವನ ಫೋನು ಗುನುಗಿತು. ಈಗ ಕಾಲ್‌ಬಾಯ್ ಬರುವುದಿಲ್ಲ, ಕರೆಯೇ ಬರುತ್ತದೆ. ಎರಡು ಗಂಟೆಯೊಳಗೆ ಹಾಜರಿರಬೇಕಂತೆ. ಕಾಗದವನ್ನು ನಮ್ಮ ಮೇಜಿನ ಮೇಲೆಯೇ ಬಿಟ್ಟು, ಬಂದು ನೋಡುತ್ತೇನೆಂದು ಹೇಳಿ, ಊಟ ಕಟ್ಟಿಕೊಳ್ಳಲು ಮೇಲಕ್ಕೆ ಓಡಿದ. ಒಪ್ಪಿಗೆ ಕೊಡಲು ಇನ್ನು ನಾಲ್ಕು ದಿನ ಉಳಿದಿವೆ.